ಹೆಸರಾಗಿ ಉಳಿದ ಡಾಕ್ಟರು: ಆರ್ನಾಲ್ಡ್ ಕೆಗೆಲ್

ಹೆರಿಗೆ ಮುಗಿಸಿ ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ಕೈಗೆ ಬರುವ ಡಿಸ್ಚಾರ್ಜ್ ಚೀಟಿಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಮಗುವಿನ ಲಸಿಕೆಯ ತಾರೀಖು, ಇವೆಲ್ಲದರ ಕೆಳಗೆ ಎಷ್ಟೋ ಚೀಟಿಗಳಲ್ಲಿ ಒಂದು ಪುಟ್ಟ ಸಾಲು ಇರುತ್ತದೆ: ಕೆಗೆಲ್ ವ್ಯಾಯಾಮ ಮಾಡಿ. ಅದೇನು, ಹೇಗೆ, ಎಷ್ಟು ದಿನ ಎಂದು ಹೇಳಲು ಯಾರಿಗೂ ಪುರುಸೊತ್ತಿರುವುದಿಲ್ಲ. ಕೇಳಲು ನಮಗೂ ಸಂಕೋಚ. ಚೀಟಿ ಫೈಲಿನೊಳಗೆ ಸೇರುತ್ತದೆ, ಸಾಲು ಅಲ್ಲೇ ಉಳಿಯುತ್ತದೆ.

ಕೆಲವು ತಿಂಗಳ ಮೇಲೆ ಕೆಮ್ಮಿದಾಗ, ಸೀನಿದಾಗ, ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವಾಗ, ಗೆಳತಿಯರ ಜೊತೆ ಜೋರಾಗಿ ನಕ್ಕಾಗ ನಾಲ್ಕು ಹನಿ ಮೂತ್ರ ಜಾರುತ್ತದೆ. ಆಟೋದಲ್ಲಿ ಕುಳಿತು ಹಳ್ಳ ದಾಟುವಾಗ ಜೀವ ಕೈಯಲ್ಲಿ. ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಸೀರೆ, ಚೂಡಿದಾರದ ಬಣ್ಣ ಗಾಢವಾಗುತ್ತದೆ, ಮದುವೆ ಮುಂಜಿಗೆ ಹೋಗುವುದು ಕಡಿಮೆಯಾಗುತ್ತದೆ, ಹೊರಗೆ ಹೊರಟಾಗ ನೀರು ಕುಡಿಯುವುದು ನಿಲ್ಲುತ್ತದೆ. ಹೆರಿಗೆಯಾದ ಮೂವರಲ್ಲಿ ಸುಮಾರು ಒಬ್ಬರಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಈ ತೊಂದರೆ ಇರುತ್ತದೆ. ಆದರೂ ನಮ್ಮ ಮಾತುಕತೆಯಲ್ಲಿ ಸಕ್ಕರೆ ಕಾಯಿಲೆಗೆ, ಮಂಡಿ ನೋವಿಗೆ ಇರುವ ಜಾಗ ಇದಕ್ಕೆ ಇಲ್ಲ.

ಇದು ಹೆತ್ತವಳ ಹಣೆಬರಹವಲ್ಲ, ಒಂದು ಸ್ನಾಯುವಿನ ದೌರ್ಬಲ್ಯ, ಅದನ್ನು ಕಲಿತು ಬಲಪಡಿಸಬಹುದು ಎಂದು ಅಳತೆ ಮಾಡಿ ತೋರಿಸಿದವರು ಆ ಚೀಟಿಯಲ್ಲಿ ಹೆಸರಾಗಿ ಉಳಿದಿರುವ ಡಾಕ್ಟರ್ ಆರ್ನಾಲ್ಡ್ ಹೆನ್ರಿ ಕೆಗೆಲ್. ಹೆಸರು ಲೋಕಕ್ಕೆಲ್ಲ ಗೊತ್ತು, ಮನುಷ್ಯ ಗೊತ್ತಿಲ್ಲ. ಅವರು ನಿಜವಾಗಿ ಹೇಳಿಕೊಟ್ಟದ್ದಂತೂ ಇನ್ನೂ ಕಡಿಮೆ ಜನಕ್ಕೆ ಗೊತ್ತು. ಅದಕ್ಕಾಗಿ ಈ ಬಾರಿಯ ಸಂಚಿಕೆಯಲ್ಲಿ ಅವರ ಕಥೆ.

ನದಿ ದಂಡೆಯ ಊರಿನಿಂದ ಷಿಕಾಗೊಗೆ

ಕೆಗೆಲ್ ಹುಟ್ಟಿದ್ದು 1894ರ ಫೆಬ್ರುವರಿ 21ರಂದು, ಅಮೆರಿಕದ ಅಯೋವಾ ರಾಜ್ಯದ ಲ್ಯಾನ್ಸಿಂಗ್ ಎಂಬ ಊರಿನಲ್ಲಿ. ಮಿಸಿಸಿಪ್ಪಿ ನದಿಯ ದಂಡೆಯ ಮೇಲಿನ ಪುಟ್ಟ ಊರು ಅದು. ವೈದ್ಯಕೀಯ ಓದಿದ್ದು ಷಿಕಾಗೊದ ಲೊಯೊಲಾದಲ್ಲಿ. ಅಲ್ಲಿಯೇ ವೈದ್ಯರಾಗಿ ನೆಲೆನಿಂತರು.

1927ರಲ್ಲಿ, ಮೂವತ್ತಮೂರರ ವಯಸ್ಸಿನಲ್ಲಿ, ಅವರಿಗೆ ಒಂದು ದೊಡ್ಡ ಹುದ್ದೆ ಸಿಕ್ಕಿತು. ಷಿಕಾಗೊ ನಗರದ ಆರೋಗ್ಯ ಕಮಿಷನರ್ ಆದರು. ಅದು ಅಲ್ ಕಪೋನ್ ಎಂಬ ಪಾತಕಿಯ ಹೆಸರು ಊರೆಲ್ಲ ಮೊಳಗುತ್ತಿದ್ದ ಕಾಲ. ಬಿಗ್ ಬಿಲ್ ಎಂದೇ ಹೆಸರಾಗಿದ್ದ ವಿಲಿಯಂ ಥಾಂಪ್ಸನ್ ಆಗ ಮೇಯರ್. ಜನಪ್ರಿಯರಾಗಿದ್ದ ಹಿಂದಿನ ಕಮಿಷನರ್ ಹರ್ಮನ್ ಬಂಡೆಸೆನ್ ಅವರನ್ನು ಕೆಳಗಿಳಿಸಿ, ಆ ಕುರ್ಚಿಗೆ ಕೆಗೆಲ್ ಅವರನ್ನು ಕೂರಿಸಲಾಯಿತು. ರಾಜಕೀಯದ ಗಾಳಿ ಹೇಗೆ ಬೀಸುತ್ತದೋ ಹಾಗೆ ಕುರ್ಚಿಯೂ ತಿರುಗುತ್ತದೆ. 1931ರಲ್ಲಿ ಥಾಂಪ್ಸನ್ ಸೋತರು, ಹೊಸ ಮೇಯರ್ ಬಂದರು, ಬಂಡೆಸೆನ್ ಹಿಂತಿರುಗಿದರು. ಕೆಗೆಲ್ ಅವರ ಅಧಿಕಾರ ನಾಲ್ಕು ವರ್ಷಕ್ಕೆ ಮುಗಿಯಿತು.

ಅಷ್ಟು ದೊಡ್ಡ ನಗರದ ಆರೋಗ್ಯದ ಹೊಣೆ ಹೊತ್ತವರು ಎಂದು ಇಂದು ಅವರನ್ನು ಯಾರೂ ನೆನೆಯುವುದಿಲ್ಲ. ಹೆಸರು ಉಳಿದದ್ದು, ಆಮೇಲೆ ಪರೀಕ್ಷೆಯ ಕೋಣೆಯಲ್ಲಿ ಒಬ್ಬೊಬ್ಬ ಹೆಣ್ಣುಮಗಳ ಮಾತು ಕೇಳಿ ಮಾಡಿದ ಕೆಲಸದಿಂದ. ಅವರು ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಸೇರಿದರು. ಸ್ತ್ರೀರೋಗ ತಜ್ಞರಾಗಿ, ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದ ವೈದ್ಯಕೀಯ ಶಾಲೆಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಕೆಲಸ ಮಾಡಿದರು.

ಕೈಗೆ ಸಿಕ್ಕ ಸತ್ಯ

ಆ ಕಾಲದಲ್ಲಿ ಹೆರಿಗೆಯ ನಂತರ ಮೂತ್ರ ಸೋರುತ್ತದೆ ಎಂದು ಡಾಕ್ಟರ ಬಳಿ ಹೋದರೆ ಎರಡೇ ಉತ್ತರ. ಒಂದು, ಸಹಿಸಿಕೊಳ್ಳಿ. ಇನ್ನೊಂದು, ಆಪರೇಷನ್. ಮೂತ್ರನಾಳದ ಕೆಳಗಿನ ಅಂಗಾಂಶವನ್ನು ಹೊಲಿದು ಬಿಗಿ ಮಾಡುವ ಶಸ್ತ್ರಚಿಕಿತ್ಸೆ 1910ರ ದಶಕದಿಂದಲೇ ರೂಢಿಯಲ್ಲಿತ್ತು. ಹೊಲಿದ ಮೇಲೆ ಕೆಲವರಿಗೆ ಸರಿಹೋಗುತ್ತಿತ್ತು, ಕೆಲವರಿಗೆ ಸ್ವಲ್ಪ ಕಾಲದಲ್ಲಿ ಮತ್ತೆ ಅದೇ ಪಾಡು.

ಕೆಗೆಲ್ ಬೇರೊಂದು ಕಡೆ ಗಮನ ಕೊಟ್ಟರು. ನಮ್ಮ ಕಿಬ್ಬೊಟ್ಟೆಯ ತಳದಲ್ಲಿ, ಮುಂದಿನ ಮೂಳೆಯಿಂದ ಹಿಂದಿನ ಬಾಲದೆಲುಬಿನವರೆಗೆ, ಜೋಲಿ ಕಟ್ಟಿದ ಹಾಗೆ ಒಂದು ಸ್ನಾಯುಗಳ ಹಾಸು ಇದೆ. ಪೆಲ್ವಿಕ್ ಫ್ಲೋರ್ ಎಂದು ಡಾಕ್ಟರರು ಹೇಳುವುದು ಇದನ್ನೇ. ಮೂತ್ರಕೋಶ, ಗರ್ಭಕೋಶ, ದೊಡ್ಡ ಕರುಳಿನ ಕೊನೆಯ ಭಾಗ, ಮೂರನ್ನೂ ಈ ಜೋಲಿಯೇ ಕೆಳಗಿನಿಂದ ಹೊರುತ್ತದೆ. ಮೂತ್ರನಾಳ, ಯೋನಿ, ಗುದ, ಮೂರೂ ಇದರ ನಡುವಿನಿಂದಲೇ ಹೊರಗೆ ಬರುತ್ತವೆ. ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ ಒಮ್ಮೆಲೇ ಏರಿ ಮೂತ್ರಕೋಶವನ್ನು ಕೆಳಕ್ಕೆ ಒತ್ತುತ್ತದೆ. ಜೋಲಿ ಗಟ್ಟಿಯಾಗಿದ್ದರೆ ಅದೇ ಕ್ಷಣದಲ್ಲಿ ಬಿಗಿದು ದಾರಿ ಮುಚ್ಚುತ್ತದೆ. ಸಡಿಲವಾಗಿದ್ದರೆ ಹನಿ ಜಾರುತ್ತದೆ. ಸಹಜ ಹೆರಿಗೆಯಲ್ಲಿ ಮಗುವಿನ ತಲೆ ಹೊರಬರುವಾಗ ಈ ಸ್ನಾಯುವಿನ ಒಳಭಾಗ ತನ್ನ ಉದ್ದದ ಮೂರು ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ ಎಂದು ಇತ್ತೀಚಿನ ಕಂಪ್ಯೂಟರ್ ಲೆಕ್ಕಾಚಾರಗಳು ತೋರಿಸಿವೆ. ಅಷ್ಟು ಹಿಗ್ಗಿದ್ದು ಕೆಲವರಲ್ಲಿ ತಾನಾಗಿಯೇ ಕೂಡಿಕೊಳ್ಳುತ್ತದೆ, ಎಲ್ಲರಲ್ಲೂ ಅಲ್ಲ.

ಕೆಗೆಲ್ ತಮ್ಮ ರೋಗಿಗಳನ್ನು ಪರೀಕ್ಷಿಸುವಾಗ ಬೆರಳಿನಿಂದ ಈ ಸ್ನಾಯುವನ್ನು ಮುಟ್ಟಿ, ಬಿಗಿಹಿಡಿಯಲು ಹೇಳಿ ನೋಡುತ್ತಿದ್ದರು. ಅವರಿಗೆ ಕಂಡದ್ದು ಎರಡು ಸಂಗತಿ. ಸೋರಿಕೆಯಿರುವ ಹೆಂಗಸರಲ್ಲಿ ಈ ಸ್ನಾಯು ಬಳಸದೆ ಸೊರಗಿ ತೆಳುವಾಗಿರುತ್ತಿತ್ತು. ಅದಕ್ಕಿಂತ ಮುಖ್ಯವಾದ ಎರಡನೆಯ ಸಂಗತಿ, ಬಿಗಿಹಿಡಿಯಿರಿ ಎಂದಾಗ ಅನೇಕರಿಗೆ ಯಾವುದನ್ನು ಬಿಗಿಹಿಡಿಯಬೇಕೆಂದೇ ತಿಳಿಯುತ್ತಿರಲಿಲ್ಲ. ಹೊಟ್ಟೆ ಒಳಕ್ಕೆ ಎಳೆಯುತ್ತಿದ್ದರು, ತೊಡೆ ಜೋಡಿಸುತ್ತಿದ್ದರು, ಪೃಷ್ಠ ಗಟ್ಟಿ ಮಾಡುತ್ತಿದ್ದರು, ಉಸಿರು ಹಿಡಿಯುತ್ತಿದ್ದರು. ಬೇಕಾದ ಸ್ನಾಯು ಮಾತ್ರ ಅಲ್ಲಾಡುತ್ತಿರಲಿಲ್ಲ. ಕಣ್ಣಿಗೆ ಕಾಣದ, ಎಂದೂ ಹೆಸರಿಡಿದು ಕರೆಯದ ಸ್ನಾಯು ಅದು. ಕೈ ಎತ್ತು ಎಂದರೆ ಎತ್ತಬಹುದು, ಇದನ್ನು ಎತ್ತು ಎಂದರೆ ಮೊದಲು ಹುಡುಕಬೇಕು.

ಹಾಗಾಗಿ ಕೆಗೆಲ್ ಅವರಿಗೆ ವ್ಯಾಯಾಮ ಎರಡನೆಯ ಹೆಜ್ಜೆ. ಸ್ನಾಯುವನ್ನು ಹುಡುಕಿಕೊಡುವುದು ಮೊದಲನೆಯದು.

ಮುಳ್ಳು ಅಲ್ಲಾಡಿದಾಗ

ಹುಡುಕಿಕೊಟ್ಟದ್ದನ್ನು ಮನೆಯಲ್ಲಿ ಮರೆಯದಂತೆ ಮಾಡುವುದು ಹೇಗೆ? ಕೆಗೆಲ್ ಒಂದು ಸರಳ ಸಾಧನ ರೂಪಿಸಿದರು. ಯೋನಿಯೊಳಗೆ ಇಟ್ಟುಕೊಳ್ಳಬಹುದಾದ, ಗಾಳಿ ತುಂಬಿದ ರಬ್ಬರಿನ ಸಣ್ಣ ಚೀಲ. ಅದಕ್ಕೊಂದು ರಬ್ಬರ್ ಕೊಳವೆ. ಕೊಳವೆಯ ಇನ್ನೊಂದು ತುದಿಯಲ್ಲಿ ಬಿಪಿ ನೋಡುವ ಯಂತ್ರದಲ್ಲಿ ಇರುವಂಥದ್ದೇ ಒಂದು ಗಡಿಯಾರದಂಥ ಮಾಪಕ, ಸೊನ್ನೆಯಿಂದ ನೂರರವರೆಗೆ ಗುರುತು. ಇದಕ್ಕೆ ಅವರಿಟ್ಟ ಹೆಸರು ಪೆರಿನಿಯೋಮೀಟರ್. ಸರಿಯಾದ ಸ್ನಾಯು ಬಿಗಿದರೆ ಚೀಲ ಅದುಮಿ ಮುಳ್ಳು ಮೇಲೇರುತ್ತದೆ. ಹೆಂಗಸು ಅದನ್ನು ತನ್ನ ಕಣ್ಣಿನಿಂದಲೇ ನೋಡಬಹುದು.

ಮೊದಲ ದಿನ ಮುಳ್ಳು ಹೆಚ್ಚುಕಡಿಮೆ ಸೊನ್ನೆಯಲ್ಲೇ ಇರಬಹುದು. ಕೆಲವು ವಾರದಲ್ಲಿ ಒಂದೆರಡು ಗುರುತು ಏರುತ್ತದೆ. ದೇಹದೊಳಗೆ ನಡೆಯುವುದನ್ನು ಮಾಪಕದ ಮೇಲೆ ನೋಡಿ, ನೋಡಿದ್ದರಿಂದ ದೇಹವನ್ನು ತಿದ್ದಿಕೊಳ್ಳುವ ಈ ವಿಧಾನಕ್ಕೆ ಬಯೋಫೀಡ್‌ಬ್ಯಾಕ್ ಎಂಬ ಹೆಸರು ಬಂದದ್ದು ಎಷ್ಟೋ ವರ್ಷಗಳ ನಂತರ. ಕೆಗೆಲ್ ಹೆಸರಿಲ್ಲದ ಕಾಲದಲ್ಲೇ ಅದನ್ನು ಬಳಸುತ್ತಿದ್ದರು. ರೋಗಿಗಳು ದಿನಕ್ಕೆ ಮೂರು ಬಾರಿ, ಒಂದೊಂದು ಬಾರಿ ಇಪ್ಪತ್ತು ನಿಮಿಷ ಸಾಧನವಿಟ್ಟು ಅಭ್ಯಾಸ ಮಾಡಬೇಕಿತ್ತು. ಮುಳ್ಳು ಎಲ್ಲಿಯವರೆಗೆ ಏರಿತು ಎಂದು ಬರೆದಿಟ್ಟುಕೊಂಡು, ಆಗಾಗ ಬಂದು ಡಾಕ್ಟರಿಗೆ ತೋರಿಸಬೇಕಿತ್ತು.

ಆ ವರ್ಷಗಳಲ್ಲಿ ಅಮೆರಿಕದಲ್ಲಿ ಇನ್ನೊಂದು ವಿಚಾರವೂ ಹರಡುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಸೊರಗಿದ ಕಾಲುಗಳಿಗೆ, ತೂಕವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ವ್ಯಾಯಾಮ ಕೊಟ್ಟರೆ ಬಲ ಬೇಗ ಮರಳುತ್ತದೆ ಎಂದು ಸೇನಾ ವೈದ್ಯ ಥಾಮಸ್ ಡಿಲಾರ್ಮ್ 1945ರಲ್ಲಿ ತೋರಿಸಿದ್ದರು. ಕೆಗೆಲ್ ಅವರ ಸಾಧನದಲ್ಲೂ ಇದೇ ತತ್ತ್ವ ಇತ್ತು. ರಬ್ಬರ್ ಚೀಲ ಎದುರೊತ್ತಡ ಕೊಡುತ್ತದೆ, ಸ್ನಾಯು ಅದರ ವಿರುದ್ಧ ದುಡಿಯುತ್ತದೆ, ದಿನದಿನಕ್ಕೆ ಗುರಿ ಏರುತ್ತದೆ. ಸೈನಿಕನ ತೊಡೆಗೆ ಸಿಕ್ಕ ಮರ್ಯಾದೆ ಬಾಣಂತಿಯ ಸ್ನಾಯುವಿಗೂ ಸಿಕ್ಕಿತು.

1948ರ ಆಗಸ್ಟ್‌ನಲ್ಲಿ ಕೆಗೆಲ್ ಅವರ ಲೇಖನ ಅಮೆರಿಕದ ಹೆರಿಗೆ ಮತ್ತು ಸ್ತ್ರೀರೋಗ ವಿಜ್ಞಾನದ ಪ್ರಮುಖ ಪತ್ರಿಕೆಯಲ್ಲಿ ಅಚ್ಚಾಯಿತು. ನೂರಕ್ಕೆ 84ರಷ್ಟು ಹೆಂಗಸರಿಗೆ ಗುಣವಾಯಿತು ಎಂಬ ಅವರ ವರದಿ ಮುಂದೆ ಎಲ್ಲ ಕಡೆ ಉಲ್ಲೇಖವಾಯಿತು. 1950ರಲ್ಲಿ ಮೂತ್ರರೋಗ ತಜ್ಞರ ಪತ್ರಿಕೆಯಲ್ಲಿ, 1951ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಅವರು ಮತ್ತೆ ಬರೆದರು. ಈ ಸ್ನಾಯು ಬಲಗೊಂಡರೆ ದಾಂಪತ್ಯ ಸುಖವೂ ಸುಧಾರಿಸುತ್ತದೆ ಎಂಬ ವಿಷಯವನ್ನೂ 1952ರಲ್ಲಿ ಬರೆದರು. ಅವರ ಹೆಸರು ಆಸ್ಪತ್ರೆಯ ಆಚೆಗೆ ಹೋಗಲು ಈ ಕೊನೆಯ ವಿಷಯವೂ ಒಂದು ಕಾರಣ.

ಕೆಗೆಲ್‌ಗಿಂತ ಮೊದಲು

ಈ ಸ್ನಾಯುವನ್ನು ಮೊಟ್ಟಮೊದಲು ಕಂಡುಕೊಂಡವರು ಕೆಗೆಲ್ ಎಂದರೆ ತಪ್ಪಾಗುತ್ತದೆ. ಇಂಗ್ಲೆಂಡಿನಲ್ಲಿ ಮಾರ್ಗರೆಟ್ ಮಾರಿಸ್ ಎಂಬ ನೃತ್ಯಗಾರ್ತಿ ಫಿಸಿಯೋಥೆರಪಿಯನ್ನೂ ಕಲಿತು, ಬಸುರಿ ಬಾಣಂತಿಯರ ವ್ಯಾಯಾಮದ ಬಗ್ಗೆ 1936ರಲ್ಲೇ ಪುಸ್ತಕ ಬರೆದಿದ್ದರು. ಅದರಲ್ಲಿ ಈ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಅಭ್ಯಾಸವಿತ್ತು.

ನಮ್ಮ ಕಡೆಯಲ್ಲಿ ಇನ್ನೂ ಹಳೆಯದು ಮೂಲಬಂಧ. ಹಠಯೋಗ ಪ್ರದೀಪಿಕೆಯಲ್ಲಿ ಅದರ ವಿವರಣೆ ಇದೆ. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿ ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ಕನ್ನಡದಲ್ಲೇ ಬರೆದ ಯೋಗ ಮಕರಂದದಲ್ಲೂ ಬಂಧಗಳ ವಿಚಾರ ಬರುತ್ತದೆ. ಕೆಗೆಲ್ ಅವರ ಲೇಖನಕ್ಕೆ ಹದಿನಾಲ್ಕು ವರ್ಷ ಮೊದಲಿನ ಮಾತು ಅದು. ಆದರೆ ಅಲ್ಲಿನ ಗುರಿ ಪ್ರಾಣ ಅಪಾನಗಳ ಸಾಧನೆ. ಬಾಣಂತಿಯ ಸೋರಿಕೆಗೆ ಅದನ್ನು ಚಿಕಿತ್ಸೆಯಾಗಿ ಅಳೆದು ನೋಡಿದ್ದಲ್ಲ. ಎಲ್ಲವೂ ನಮ್ಮಲ್ಲೇ ಇತ್ತು ಎಂದು ಬೀಗುವುದೂ ಬೇಡ, ಏನೂ ಇರಲಿಲ್ಲ ಎನ್ನುವುದೂ ಬೇಡ. ಯೋಗ ಕಲಿತ ಹೆಣ್ಣುಮಕ್ಕಳಿಗೆ ಮೂಲಬಂಧದ ಪರಿಚಯವಿದ್ದರೆ ಕೆಗೆಲ್ ಹೇಳುವ ಸ್ನಾಯು ಬೇಗ ಕೈಗೆ ಸಿಗುತ್ತದೆ, ಅಷ್ಟು ನಿಜ.

ನಮ್ಮ ಬಾಣಂತನದ ಬಗ್ಗೆಯೂ ಇಲ್ಲೇ ಒಂದು ಮಾತು. ಸನತ್‌ನಗರದ ನಮ್ಮ ಮನೆಗಳಿಗೆ ಬೀದರ್, ಕಲಬುರಗಿ, ರಾಯಚೂರಿನಿಂದಲೋ ಮೈಸೂರು, ಧಾರವಾಡದಿಂದಲೋ ಅಮ್ಮಂದಿರು ಬಂದು ಬಾಣಂತನ ಮಾಡುತ್ತಾರೆ. ಅಂಟಿನ ಉಂಡೆ, ಅಳವಿ ಪಾಯಸ, ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಹಳೆಯ ಸೀರೆಯಿಂದ ಹೊಟ್ಟೆ ಕಟ್ಟುವುದು, ಎಲ್ಲದರಲ್ಲೂ ಅಕ್ಕರೆ ತುಂಬಿದೆ. ಹೊಟ್ಟೆ ಕಟ್ಟಿದರೆ ಸೊಂಟಕ್ಕೆ ಹಿತವೆನಿಸುತ್ತದೆ. ಆದರೆ ಬಟ್ಟೆ ಹೊರಗಿನಿಂದ ಹಿಡಿಯುತ್ತದೆಯೇ ಹೊರತು ಕೆಳಗಿನ ಜೋಲಿಗೆ ಬಲ ಕೊಡುವುದಿಲ್ಲ. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡ ಕೆಳಕ್ಕೇ ಹೋಗುತ್ತದೆ. ಬಾಣಂತನದ ಅಷ್ಟೆಲ್ಲ ಆರೈಕೆಯಲ್ಲಿ ಈ ಒಂದು ಸ್ನಾಯುವಿನ ಆರೈಕೆಯನ್ನು ಸೇರಿಸಿಕೊಂಡರೆ ಸಾಕು, ಸಂಪ್ರದಾಯಕ್ಕೇನೂ ಕುಂದು ಬರುವುದಿಲ್ಲ.

ಹೆಸರು ಉಳಿಯಿತು, ಪಾಠ ಕಳೆಯಿತು

1949ರಲ್ಲಿ, ಅಂದರೆ ಕೆಗೆಲ್ ಅವರ ಲೇಖನ ಬಂದ ಮರುವರ್ಷವೇ, ಮಾರ್ಷಲ್, ಮಾರ್ಕೆಟಿ, ಕ್ರ್ಯಾಂಟ್ಸ್ ಎಂಬ ಮೂವರು ಹೊಸ ಬಗೆಯ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದರು. ಮೂತ್ರಕೋಶದ ಕುತ್ತಿಗೆಯನ್ನು ಮೇಲೆತ್ತಿ ಹೊಲಿಯುವ ಆ ವಿಧಾನ ಬಹಳ ಬೇಗ ಹರಡಿತು. ಡಾಕ್ಟರಿಗೂ ಅದು ಒಂದು ದಿನದ ಕೆಲಸ. ಒಬ್ಬೊಬ್ಬ ಹೆಂಗಸಿಗೆ ತಿಂಗಳುಗಟ್ಟಲೆ ಸ್ನಾಯು ಕಲಿಸುತ್ತ ಕೂರುವ ತಾಳ್ಮೆ ಎಲ್ಲರಿಗೂ ಎಲ್ಲಿ ಬರಬೇಕು? ಕೆಗೆಲ್ ಅವರ ವಿಧಾನ ಹಿಂದೆ ಸರಿಯಿತು.

ಪೂರ್ತಿ ಮರೆಯಾಗಲಿಲ್ಲ, ಆದರೆ ಅರ್ಧ ಮಾತ್ರ ಉಳಿಯಿತು. ಬೆರಳಿನ ಪರೀಕ್ಷೆ ಹೋಯಿತು, ಮಾಪಕ ಹೋಯಿತು, ಮತ್ತೆ ಮತ್ತೆ ಕರೆಸಿ ನೋಡುವುದು ಹೋಯಿತು. ಬಿಗಿಹಿಡಿಯಿರಿ, ಬಿಡಿ ಎಂಬ ಒಂದು ಸಾಲು ಮಾತ್ರ ಕರಪತ್ರಗಳಲ್ಲಿ, ಚೀಟಿಗಳಲ್ಲಿ ಉಳಿಯಿತು. 1972ರ ಮಾರ್ಚ್ 1ರಂದು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಕೆಗೆಲ್ ತೀರಿಕೊಂಡರು. ಆಗ ಅವರ ಹೆಸರಿನ ವ್ಯಾಯಾಮ ಜಗತ್ತಿಗೆ ಗೊತ್ತಿತ್ತು, ಆದರೆ ಅವರು ಕಲಿಸುತ್ತಿದ್ದ ಹಾಗೆ ಕಲಿಸುವವರು ವಿರಳ.

ಇದರ ಪರಿಣಾಮವನ್ನು 1991ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಸಣ್ಣ ಅಧ್ಯಯನ ಚೆನ್ನಾಗಿ ತೋರಿಸಿತು. 47 ಹೆಂಗಸರಿಗೆ ಬಾಯಿಮಾತಿನಲ್ಲಿ ಈ ವ್ಯಾಯಾಮ ಹೇಳಿಕೊಟ್ಟು, ಅವರು ಮಾಡುವುದನ್ನು ಅಳೆದು ನೋಡಿದರು. ಸರಿಯಾಗಿ ಮಾಡಿದವರು 23 ಮಂದಿ, ಅಂದರೆ ಅರ್ಧಕ್ಕಿಂತ ಕಡಿಮೆ. 12 ಮಂದಿ ಮೇಲೆತ್ತುವ ಬದಲು ಕೆಳಕ್ಕೆ ಮುಕ್ಕುತ್ತಿದ್ದ ಹಾಗೆ, ಸೋರಿಕೆಯನ್ನೇ ಹೆಚ್ಚಿಸಬಹುದಾದ ರೀತಿಯಲ್ಲಿ ಮಾಡುತ್ತಿದ್ದರು. ಇಂಥವರು ಕೆಲವು ವಾರ ಮಾಡಿ, ನನಗೆ ಇದರಿಂದ ಏನೂ ಆಗಲಿಲ್ಲ ಎಂದು ಬಿಟ್ಟುಬಿಡುತ್ತಾರೆ. ವ್ಯಾಯಾಮ ಸೋತಿತು ಎಂದುಕೊಳ್ಳುತ್ತೇವೆ. ನಿಜವಾಗಿ ವ್ಯಾಯಾಮ ಶುರುವೇ ಆಗಿರುವುದಿಲ್ಲ.

ಕೆಗೆಲ್ ಅವರ ಕೆಲಸದಲ್ಲೂ ಕೊರತೆ ಇತ್ತು. ತಾವು ಚಿಕಿತ್ಸೆ ಕೊಟ್ಟವರನ್ನು, ಕೊಡದೆ ಬಿಟ್ಟವರ ಜೊತೆ ಹೋಲಿಸಿ ನೋಡಿರಲಿಲ್ಲ. ಹಾಗಾಗಿ 84 ಎಂಬ ಸಂಖ್ಯೆಯನ್ನು ವಿಜ್ಞಾನಿಗಳು ಅನುಮಾನದಿಂದಲೇ ನೋಡಿದರು. ಆ ಕೊರತೆ ತುಂಬಿದವರಲ್ಲಿ ನಾರ್ವೆ ದೇಶದ ಫಿಸಿಯೋಥೆರಪಿಸ್ಟ್ ಕಾರಿ ಬೋ ಮುಖ್ಯರು. 1999ರಲ್ಲಿ ಅವರ ತಂಡ 107 ಹೆಂಗಸರನ್ನು ನಾಲ್ಕು ಗುಂಪು ಮಾಡಿ ಆರು ತಿಂಗಳು ಹೋಲಿಸಿ ನೋಡಿತು. ಒಂದು ಗುಂಪಿಗೆ ವ್ಯಾಯಾಮ, ಒಂದಕ್ಕೆ ವಿದ್ಯುತ್ ಪ್ರಚೋದನೆ, ಒಂದಕ್ಕೆ ಯೋನಿಯಲ್ಲಿ ಇಟ್ಟುಕೊಳ್ಳುವ ತೂಕದ ಶಂಕುಗಳು, ಇನ್ನೊಂದಕ್ಕೆ ಚಿಕಿತ್ಸೆ ಇಲ್ಲ. ಗೆದ್ದದ್ದು ಕಲಿಸಿ ಮಾಡಿಸಿದ ವ್ಯಾಯಾಮ. ಮುಂದೆ ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ಕಾಕ್ರೇನ್ ಪರಿಶೀಲನೆಯಲ್ಲಿ, ಕೆಮ್ಮಿದಾಗ ಸೀನಿದಾಗ ಆಗುವ ಸೋರಿಕೆಯಿಂದ ಪೂರ್ತಿ ಗುಣವಾದೆವು ಎಂದವರು ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 56, ಮಾಡದವರಲ್ಲಿ ನೂರಕ್ಕೆ 6. ಇಂದು ಇಂಥ ಸೋರಿಕೆಗೆ ಆಪರೇಷನ್ನಿನ ಮಾತಿಗಿಂತ ಮೊದಲು ವ್ಯಾಯಾಮ ಕಲಿಸಬೇಕು ಎಂಬುದು ವೈದ್ಯಲೋಕ ಒಪ್ಪಿದ ಮಾತು. ಕೆಗೆಲ್ ಗೆದ್ದರು, ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ.

ಕೆಗೆಲ್ ಕೋಣೆಯಿಂದ ನಮ್ಮ ಕೋಣೆಗೆ

ಅವರು ಹೇಳಿಕೊಟ್ಟದ್ದನ್ನು, ಆಮೇಲೆ ತಿದ್ದುಪಡಿಯಾದದ್ದನ್ನು ಸೇರಿಸಿ ಸರಳವಾಗಿ ಹೇಳುವುದಾದರೆ ಹೀಗೆ.

ಮಂಡಿ ಮಡಿಸಿ ಅಂಗಾತ ಮಲಗಿ. ನಾಲ್ಕು ಜನರ ನಡುವೆ ಹೂಸು ಬರುವಂತಾದಾಗ ತಡೆಯುತ್ತೇವಲ್ಲ, ಹಾಗೆ ಗುದವನ್ನು ಬಿಗಿಹಿಡಿಯಿರಿ. ಜೊತೆಗೇ ಮೂತ್ರ ತಡೆಯುವ ಹಾಗೆ ಮುಂದಿನ ಭಾಗವನ್ನೂ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ಕೆಳಕ್ಕೆ ಮುಕ್ಕುವುದಲ್ಲ, ಮೇಲೆತ್ತುವುದು. ಹೊಟ್ಟೆಯ ಮೇಲೊಂದು ಕೈ ಇಟ್ಟುಕೊಳ್ಳಿ, ಹೊಟ್ಟೆ ಉಬ್ಬಬಾರದು. ತೊಡೆ, ಪೃಷ್ಠ ಸಡಿಲವಾಗಿರಲಿ. ಉಸಿರಾಟ ನಡೆಯುತ್ತಲೇ ಇರಲಿ, ಮೆಲ್ಲಗೆ ಮಾತಾಡಲು ಆದರೆ ಉಸಿರು ಕಟ್ಟಿಲ್ಲ ಎಂದು ಅರ್ಥ. ಪಕ್ಕದಲ್ಲಿ ಕೂತವರಿಗೆ ನೀವು ಏನೋ ಮಾಡುತ್ತಿದ್ದೀರಿ ಎಂದು ಗೊತ್ತಾಗಬಾರದು.

ಮೊದಲು ಎರಡು ಮೂರು ಸೆಕೆಂಡು ಹಿಡಿಯಲು ಆದರೂ ಸಾಕು. ಹಿಡಿದಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಬಿಡುವುದೂ ವ್ಯಾಯಾಮದ ಭಾಗವೇ. ನಿಧಾನವಾಗಿ ಹತ್ತು ಸೆಕೆಂಡಿನವರೆಗೆ ಏರಿಸಿ. ಒಂದು ಸಲಕ್ಕೆ ಕನಿಷ್ಠ 8 ಬಾರಿ, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಇಂಗ್ಲೆಂಡಿನ ವೈದ್ಯಕೀಯ ಮಾರ್ಗಸೂಚಿ ಹೇಳುವ ಲೆಕ್ಕ ಇದು. ಕೆಗೆಲ್ ಕಾಲದ ಒಂದು ಗಂಟೆಯ ಅಭ್ಯಾಸಕ್ಕೆ ಹೋಲಿಸಿದರೆ ಹಗುರವೇ. ಕೊನೆಯಲ್ಲಿ ಕೆಲವನ್ನು ಪಟ್ಟನೆ ಹಿಡಿದು ಪಟ್ಟನೆ ಬಿಡಿ, ಏಕೆಂದರೆ ಸೀನು ಹೇಳಿಕೇಳಿ ಬರುವುದಿಲ್ಲ. ಮಲಗಿ ಮಾಡುವುದು ರೂಢಿಯಾದ ಮೇಲೆ ಕೂತು, ನಂತರ ನಿಂತು ಮಾಡಿ. ಮಗುವಿಗೆ ಹಾಲು ಕೊಡುವಾಗ, ಕುಕ್ಕರ್ ಕೂಗುವುದನ್ನು ಕಾಯುವಾಗ, ಸಿಗ್ನಲ್‌ನಲ್ಲಿ ಬಸ್ಸು ನಿಂತಾಗ, ಹೀಗೆ ಯಾವುದಾದರೂ ಕೆಲಸದ ಜೊತೆ ಜೋಡಿಸಿಕೊಂಡರೆ ಮರೆಯುವುದಿಲ್ಲ.

ಇನ್ನೊಂದು ಉಪಾಯ ಕೆಗೆಲ್ ನಂತರ ಬಂದದ್ದು. ಕೆಮ್ಮು ಅಥವಾ ಸೀನು ಬರುತ್ತಿದೆ ಎಂದು ಗೊತ್ತಾದ ತಕ್ಷಣ, ಭಾರ ಎತ್ತುವ ಮೊದಲು, ಆ ಸ್ನಾಯುವನ್ನು ಮೊದಲೇ ಬಿಗಿಹಿಡಿಯುವುದು. ಇದನ್ನು ಕಲಿತ ಹೆಂಗಸರಲ್ಲಿ ಒಂದೇ ವಾರದಲ್ಲಿ ಕೆಮ್ಮಿದಾಗಿನ ಸೋರಿಕೆ ಕಡಿಮೆಯಾದದ್ದನ್ನು 1998ರ ಒಂದು ಅಮೆರಿಕನ್ ಅಧ್ಯಯನ ತೋರಿಸಿತು.

ಮೂತ್ರ ಹೋಗುತ್ತಿರುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದು ಬೇಡ. ಸ್ನಾಯು ಯಾವುದೆಂದು ತಿಳಿಯಲು ಒಮ್ಮೆ ನೋಡಿದರೆ ಸರಿ, ದಿನವೂ ಮಾಡಿದರೆ ಮೂತ್ರಕೋಶ ಪೂರ್ತಿ ಖಾಲಿಯಾಗದೆ ತೊಂದರೆಯಾಗಬಹುದು. ಸೋರುತ್ತದೆಂದು ನೀರು ಕುಡಿಯುವುದನ್ನು ಬಿಡುವುದೂ ಬೇಡ, ಬಾಣಂತಿಗಂತೂ ಬೇಡವೇ ಬೇಡ. ಮಲಬದ್ಧತೆಯಾಗಿ ಮುಕ್ಕುವುದು ಈ ಸ್ನಾಯುವಿನ ಶತ್ರು, ಅದಕ್ಕೆ ನೀರು, ಸೊಪ್ಪು, ಹಣ್ಣು ಇರಲಿ.

ಹೆರಿಗೆಯಾದ ಮೇಲೆ, ಮೂತ್ರದ ನಳಿಕೆ ತೆಗೆದು ಸಹಜವಾಗಿ ಮೂತ್ರ ಹೋಗತೊಡಗಿದಾಗ, ನೋವಿಲ್ಲದಷ್ಟು ಮೃದುವಾಗಿ ಶುರುಮಾಡಬಹುದು. ಹೊಲಿಗೆ ಹಾಕಿದ್ದರೆ ನಿಮ್ಮ ಡಾಕ್ಟರನ್ನು ಕೇಳಿ. ಸಿಸೇರಿಯನ್ ಆದವರಿಗೆ ಸೋರಿಕೆ ಕಡಿಮೆ, ಆದರೆ ಬರುವುದೇ ಇಲ್ಲವೆಂದಲ್ಲ. ಒಂಬತ್ತು ತಿಂಗಳ ಭಾರ ಹೊತ್ತದ್ದು ಅದೇ ಜೋಲಿ. ಬಸುರಿನಲ್ಲೇ ಕಲಿತರೆ ಇನ್ನೂ ಒಳ್ಳೆಯದು. ಹೆತ್ತು ಇಪ್ಪತ್ತು ವರ್ಷವಾಗಿದೆ, ಈಗೇನು ಪ್ರಯೋಜನ ಎನ್ನುವ ಅಕ್ಕಂದಿರೂ ಶುರುಮಾಡಬಹುದು. ಸ್ನಾಯುವಿಗೆ ವಯಸ್ಸಾದರೂ ಕಲಿಯುವ ಗುಣ ಹೋಗುವುದಿಲ್ಲ.

ಎಲ್ಲ ಸೋರಿಕೆಯೂ ಒಂದೇ ಅಲ್ಲ. ತಡೆಯಲಾರದ ಅವಸರವಾಗಿ ಬಚ್ಚಲಿಗೆ ಮುಟ್ಟುವ ಮೊದಲೇ ಹೋಗುವುದು ಬೇರೆ ಬಗೆಯದು, ಅದಕ್ಕೆ ಚಿಕಿತ್ಸೆಯೂ ಸ್ವಲ್ಪ ಬೇರೆ. ಉರಿ, ಜ್ವರ, ಮೂತ್ರದಲ್ಲಿ ರಕ್ತ, ಮಲದ ಮೇಲೂ ಹಿಡಿತ ತಪ್ಪುವುದು, ಕೆಳಗೆ ಏನೋ ಜಾರಿ ಬಂದಂತೆ ಅನಿಸುವುದು, ಮೂತ್ರ ಕಟ್ಟುವುದು, ಆ ಭಾಗ ಜೋಮು ಹಿಡಿದಂತಿರುವುದು, ವ್ಯಾಯಾಮ ಮಾಡಿದರೆ ನೋವಾಗುವುದು, ಇವುಗಳಲ್ಲಿ ಯಾವುದಿದ್ದರೂ ಮನೆಮದ್ದಿಗೆ ಕಾಯದೆ ಡಾಕ್ಟರ ಬಳಿ ಹೋಗಬೇಕು. ಮೂರು ತಿಂಗಳು ಬಿಡದೆ ಮಾಡಿಯೂ ಸುಧಾರಿಸದಿದ್ದರೂ ಹೋಗಬೇಕು. ಆಪರೇಷನ್ ಬೇಕಾಗುವವರೂ ಇರುತ್ತಾರೆ, ಅದರಲ್ಲಿ ಸೋಲೇನೂ ಇಲ್ಲ.

ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಒಂದಿದೆ. ಚೀಟಿಯಲ್ಲಿ ಕೆಗೆಲ್ ಎಂದು ಬರೆದುಕೊಟ್ಟರೆ, ನಾನು ಸರಿಯಾಗಿ ಮಾಡುತ್ತಿದ್ದೇನೆಯೇ ಎಂದು ಒಮ್ಮೆ ಪರೀಕ್ಷಿಸಿ ಹೇಳಿ ಎಂದು ಸ್ತ್ರೀರೋಗ ತಜ್ಞರನ್ನೋ, ಈ ವಿಷಯ ಕಲಿತ ಮಹಿಳಾ ಫಿಸಿಯೋಥೆರಪಿಸ್ಟರನ್ನೋ ಕೇಳಿ. ಹೈದರಾಬಾದಿನಂಥ ಊರಿನಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ತೆಲುಗಿನಲ್ಲೋ ಹಿಂದಿಯಲ್ಲೋ ಈ ಮಾತು ಹೇಗೆ ಎತ್ತುವುದು ಎಂದು ಹಿಂಜರಿಯುವವರ ಜೊತೆ ಮಹಿಳಾ ವಿಭಾಗದ ಗೆಳತಿಯೊಬ್ಬಳು ಹೋಗಿ ಕೂತರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಆರ್ನಾಲ್ಡ್ ಕೆಗೆಲ್ ಅವರ ದೊಡ್ಡತನ ಒಂದು ವ್ಯಾಯಾಮಕ್ಕೆ ತಮ್ಮ ಹೆಸರು ಅಂಟಿಸಿದ್ದರಲ್ಲಿ ಇಲ್ಲ. ಹೆಂಗಸರ ಈ ಸಂಕಟವನ್ನು ಮಾಮೂಲು ಎಂದು ತಳ್ಳಿಹಾಕದೆ, ಅವರ ಕೈಗೇ ಮಾಪಕ ಕೊಟ್ಟು, ನಿಮ್ಮ ದೇಹವನ್ನು ನೀವೇ ತಿದ್ದಿಕೊಳ್ಳಬಲ್ಲಿರಿ ಎಂದು ನಂಬಿಸಿದ್ದರಲ್ಲಿ ಇದೆ. ಮುಂದಿನ ಬಾರಿ ನಮ್ಮಲ್ಲಿ ಯಾರ ಮನೆಯಲ್ಲಾದರೂ ಬಾಣಂತನ ನಡೆದಾಗ, ಅಂಟಿನ ಉಂಡೆಯ ಡಬ್ಬಿಯ ಜೊತೆ ಈ ವಿಷಯವನ್ನೂ ಮೆಲ್ಲಗೆ ಕಿವಿಗೆ ಹಾಕಿ ಬನ್ನಿ.